ಉತ್ತರದ ಗೋಡೆ

ಬೂಟಿನ ದಾರ ಕಟ್ಟಲು ಬಗ್ಗಿದವನಿಗೆ ಮತ್ತೆ ನೆಟ್ಟಗಾಗಲು ಮನಸ್ಸಾಗಲಿಲ್ಲ. ಹೀಗೇ ಬಗ್ಗಿಕೊಂಡು ಕೂತಿದ್ದರೆ ಹತ್ತು ಗಂಟೆ ದಾಟಿಹೋಗುತ್ತದೆ, ತೂರ್‌ನಿಂದ ಬಂದ ಸ್ಮಾರಕ ಇಲಾಖೆಯ ಹೆಂಗಸು ಚರ್ಚಿನಲ್ಲಿ ನೋಡುವುದನ್ನೆಲ್ಲ ನೋಡಿಕೊಂಡು ಹೊರಟುಹೋಗುತ್ತಾಳೆ, ಆಮೇಲೆ ಮೇಯರ್ ಪಿನೋ ಫೋನು ಮಾಡಿ ಯಾಕೆ ಮೇಸ್ತ್ರಿ ಬರಲಿಲ್ಲ ಎಂದು ಕೇಳಿದರೆ ಸೊಂಟ ಹಿಡಿದುಕೊಂಡಿತ್ತು ಎಂದರಾಯಿತು. ಎಪ್ಪತ್ತೊಂದು ವರ್ಷದ ಸೊಂಟವನ್ನು ಯಾರು ಅನುಮಾನಿಸುತ್ತಾರೆ? ಇಲೇರ್ ತೆಸಿಯೆ ನೆಲದ ಹೆಂಚುಗಳನ್ನೇ ನೋಡುತ್ತಿದ್ದ. ಮೂರು ವಾರದ ಹಿಂದೆ, ಸಂತೆಯ ದಿನ, ಸಂತ ಓಬೆನ್ ಚರ್ಚಿನ ಸೂರಿನ ಕೆಳಗಿದ್ದ ಇಪ್ಪತ್ತೊಂದು ಕಲ್ಲಿನ ಮುಖಗಳಲ್ಲಿ ಒಂದು ಕಳಚಿ ಕೆಳಗೆ ಬಿದ್ದಿತ್ತು. ಹಲ್ಲುನೋವಿನವನು ಎಂದು ಊರಲ್ಲಿ ಕರೆಯುತ್ತಿದ್ದ ಮುಖ; ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಎಂಟುನೂರು ವರ್ಷದಿಂದ ನರಳುತ್ತಿದ್ದವನು. ಯಾರಿಗೂ ಪೆಟ್ಟಾಗಲಿಲ್ಲ. ಇಲೇರ್ ಓಡಿಹೋಗಿ ನೋಡುವಷ್ಟರಲ್ಲಿ ಹಾಸುಗಲ್ಲಿನ ಮೇಲೆ ಮುಖವೆನ್ನುವುದೇನೂ ಉಳಿದಿರಲಿಲ್ಲ, ಒಂದೆರಡು ಸೇರು ಬಿಳಿ ಹಿಟ್ಟು ಚೆಲ್ಲಿದ ಹಾಗೆ ಇತ್ತು. ಬೇಕರಿಯವಳು ಪೊರಕೆ ಹಿಡಿದು ನಿಂತು, ‘ಗುಡಿಸಿಬಿಡಲಾ ಮೇಸ್ತ್ರಿ, ಇಲ್ಲ ಇಟ್ಟುಕೊಳ್ತೀರಾ?’ ಎಂದು ಕೇಳಿದ್ದಳು.

“ಎಷ್ಟು ಹೊತ್ತು ಕಟ್ತೀಯ ಅದನ್ನ?” ಹೆಂಡತಿ ಸೊಲಾಂಜ್ ಬಾಗಿಲ ಹತ್ತಿರ ನಿಂತಿದ್ದಳು. ಚರ್ಚಿನ ಬೀಗದ ಕೈ ಅವಳ ಬಳಿ ಇರುತ್ತಿತ್ತು. ಪಾದ್ರಿ ತಿಂಗಳಿಗೊಮ್ಮೆ ಬೇರೆ ಊರಿನಿಂದ ಬರುವಂತಾದ ಮೇಲೆ ಹೂವಿಡುವುದು, ಗುಡಿಸುವುದು, ತೆಗೆಯುವುದು, ಮುಚ್ಚುವುದು ಎಲ್ಲ ಅವಳದೇ.

“ನೀನು ಹೋಗಿ ತೆಗಿ. ನಾನು ಆಮೇಲೆ ಬರ್ತೀನಿ.”

“ಅವರು ಕರೆದಿರೋದು ನಿನ್ನನ್ನ. ಬೀಗ ತೆಗೆಯೋಕೆ ಯಾರಾದ್ರೂ ಆಗುತ್ತೆ.”

ಇಬ್ಬರೂ ಹೊರಟರು. ಫೆಬ್ರವರಿಯ ಬಿಸಿಲು ಬೆಳಕನ್ನು ಬಿಟ್ಟರೆ ಇನ್ನೇನೂ ಕೊಡುತ್ತಿರಲಿಲ್ಲ. ಈ ಬೀದಿಯಲ್ಲಿ ನಡೆದುಹೋಗುವಾಗ ತಲೆ ಎತ್ತದೆ ನಡೆಯುವುದನ್ನು ಅವನು ಎಷ್ಟು ವರ್ಷದಿಂದ ರೂಢಿ ಮಾಡಿಕೊಂಡಿದ್ದನೆಂದರೆ, ಅಂಚೆ ಕಚೇರಿಯ ಮೂಲೆ ತಿರುಗುತ್ತಿದ್ದಂತೆ ಕುತ್ತಿಗೆ ತಾನಾಗಿ ಎಡಕ್ಕೆ ಹೊರಳಿ, ಔಷಧಿ ಅಂಗಡಿಯ ಕಿಟಕಿಯನ್ನು ನೋಡತೊಡಗುತ್ತಿತ್ತು. ಬಲಕ್ಕೆ ಉತ್ತರದ ಗೋಡೆ. ನದಿಯಾಚೆಯ ಗುಡ್ಡವನ್ನು ಕೊರೆದು, ಹಸಿ ಗಿಣ್ಣಿನಂತೆ ಕತ್ತರಿಸಿ, ದೋಣಿಯಲ್ಲಿ ತಂದು ಕಟ್ಟಿದ ಬಿಳಿಕಲ್ಲಿನ ಗೋಡೆ ಅದು. ಕಲ್ಲು ತೆಗೆದ ಗವಿಗಳಲ್ಲಿ ಈಗ ಅಣಬೆ ಬೆಳೆಯುತ್ತಾರೆ. ಮಾವ ಆನ್ಸೆಲ್ಮ್ ಗೋದ್ರಿ ಕೆಲಸ ಕಲಿಸುವಾಗ ಮೊದಲು ಕರೆದುಕೊಂಡು ಹೋದದ್ದು ಆ ಗವಿಗೆ. ಗೋಡೆಗೆ ಅಂಗೈ ಒತ್ತಿ ಹಿಡಿ ಎಂದ. ಹಿಡಿದ. ತೆಗೆದಾಗ ಅಂಗೈ ಒದ್ದೆಯಾಗಿತ್ತು. ‘ನೋಡಿದ್ಯಾ, ಬೆವರುತ್ತೆ. ಹೊರಗೆ ತಂದು ಕಟ್ಟಿದ ಮೇಲೂ ಬೆವರುತ್ತೆ. ಬೆವರು ಹೊರಗೆ ಬರೋಕೆ ದಾರಿ ಬೇಕು. ಆ ದಾರಿ ಕಲ್ಲಲ್ಲ, ಸಂದು. ಅದಕ್ಕೇ ಸಂದಿಗೆ ಸುಣ್ಣದ ಗಾರೆ. ಗಾರೆ ಯಾವತ್ತೂ ಕಲ್ಲಿಗಿಂತ ಮೆತ್ತಗಿರಬೇಕು ಹುಡುಗಾ. ಇಬ್ಬರಲ್ಲಿ ಒಬ್ಬರು ಸಾಯಲೇಬೇಕು ಅಂದ್ರೆ ಗಾರೆ ಸಾಯಲಿ, ಐವತ್ತು ವರ್ಷಕ್ಕೊಮ್ಮೆ ಕೆರೆದು ತೆಗೆದು ಹೊಸದು ತುಂಬಿದರಾಯ್ತು.’ ಆ ಮಾತಿಗೆ ಅವನು ಆಗ ತಲೆಯಾಡಿಸಿದ್ದ. ಅವನ ಮನಸ್ಸೆಲ್ಲ ಗವಿಯ ಬಾಯಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮೇಸ್ತ್ರಿಯ ಮಗಳ ಮೇಲಿತ್ತು.

ತೂರ್‌ನ ಹೆಂಗಸು ಅವನು ಅಂದುಕೊಂಡಂತೆ ಇರಲಿಲ್ಲ. ನಲವತ್ತನಾಲ್ಕು ವರ್ಷದಿಂದ ಯಾರೋ ಒಬ್ಬರು ಬರುತ್ತಾರೆ ಎಂದು ಅವನು ಕಾದಿದ್ದ. ಹಾಗೆ ಬರುವವನು ಟೈ ಕಟ್ಟಿಕೊಂಡ ಗಂಡಸಾಗಿರುತ್ತಾನೆ, ಬೂಟಿಗೆ ಮಣ್ಣು ತಗಲದಂತೆ ನಡೆಯುತ್ತಾನೆ, ಅವನನ್ನು ಕಂಡರೆ ಸಿಟ್ಟು ಬರುತ್ತದೆ, ಸಿಟ್ಟಿನಲ್ಲಿ ಎಲ್ಲ ಸುಲಭವಾಗುತ್ತದೆ ಎಂದುಕೊಂಡಿದ್ದ. ಇವಳು, ಮದಾಂ ಮಯಾರ್, ನಲವತ್ತರ ಆಸುಪಾಸಿನವಳು, ಮೊಣಕಾಲಿನವರೆಗೆ ಕೆಸರು. ಕೈಯಲ್ಲಿ ಸಣ್ಣ ಮರದ ಸುತ್ತಿಗೆ. ಕಲ್ಲುಗಳನ್ನು ಮುಟ್ಟುವಾಗ ಬೆರಳಿನ ತುದಿಯಿಂದಲ್ಲ, ಬೆರಳಿನ ಹಿಂಭಾಗದಿಂದ ಮುಟ್ಟುತ್ತಿದ್ದಳು, ಜ್ವರ ನೋಡುವವರ ಹಾಗೆ. ಅವನಿಗೆ ಅವಳು ಇಷ್ಟವಾಗಿಬಿಟ್ಟಳು, ಅದೇ ತೊಂದರೆಯಾಯಿತು.

“ಇವರೇ ನಮ್ಮ ತೆಸಿಯೆ ಮೇಸ್ತ್ರಿ,” ಎಂದ ಪಿನೋ. “ಚರ್ಚಿಗೆ ಎಷ್ಟು ವಯಸ್ಸು ಅಂತ ಮಾತ್ರ ಇವರನ್ನ ಕೇಳಬೇಡಿ, ಕಟ್ಟುವಾಗ ನಾನೇ ನೀರು ಹೊತ್ತೆ ಅಂತಾರೆ.”

ಅವಳು ನಕ್ಕು ಕೈ ಕುಲುಕಿದಳು. ಅವಳ ಅಂಗೈ ಒರಟಾಗಿತ್ತು. ಆಮೇಲೆ ಗೋಡೆಯನ್ನು ಓದತೊಡಗಿದಳು. ಕೆಳಗಿನ ಏಳು ಸಾಲು ಅತಿ ಹಳೆಯವು, ಕೊಡಲಿಯಿಂದ ಕೆತ್ತಿದ ಗೆರೆ ಕಾಣುತ್ತದೆ. ಆಮೇಲಿನವು ಉಳಿಯ ಕೆಲಸ. ಇಲ್ಲಿ ಗೋಡೆ ಒಡೆದು ಮತ್ತೆ ಕಟ್ಟಿದ್ದಾರೆ, ಇಂಗ್ಲಿಷರ ಯುದ್ಧದ ಕಾಲ ಇರಬೇಕು. ಸಂತರ ತಲೆ ಹಾರಿಸಿದ್ದು ಮತದ ಜಗಳದಲ್ಲಿ. ಕ್ರಾಂತಿಯಲ್ಲಿ ಬಂದೂಕಿನ ಮದ್ದಿಗೆಂದು ಒಳಗೆ ಮದ್ದಿನುಪ್ಪು ತುಂಬಿಟ್ಟಿದ್ದರು, ಆ ಉಪ್ಪು ಇನ್ನೂ ಕಲ್ಲಿನೊಳಗೆ ಇದೆ. “ಆದರೂ ನೋಡಿ,” ಎಂದಳು, “ಇದೆಲ್ಲ ಆದ ಮೇಲೂ ಗೋಡೆ ಚೆನ್ನಾಗೇ ಇತ್ತು.” ಇಲೇರ್ ತಲೆಯಾಡಿಸಿದ. ಅವಳು ಹೇಳುತ್ತಿದ್ದುದೆಲ್ಲ ಅವನಿಗೆ ಗೊತ್ತಿದ್ದದ್ದೇ, ಅದೇ ಕ್ರಮದಲ್ಲಿ, ಬಹುಮಟ್ಟಿಗೆ ಅದೇ ಮಾತಿನಲ್ಲಿ. ಮಾವ, ಆ ಮುದುಕ, ಮಧ್ಯಾಹ್ನದ ಬ್ರೆಡ್ಡು ತಿನ್ನುತ್ತ ಚಾಕುವಿನ ತುದಿಯಿಂದ ಒಂದೊಂದು ಸಾಲನ್ನೇ ತೋರಿಸಿ ಹೇಳುತ್ತಿದ್ದ. ಇವಳು ಹೇಳದೆ ಬಿಟ್ಟದ್ದನ್ನು ಅವನು ಹೇಳಬಹುದಿತ್ತು: ಒಂಬತ್ತನೆಯ ಸಾಲಿನಲ್ಲಿ ಒಂದು ಕಲ್ಲಿನ ಅಂಚಿನ ಗಾರೆಯಲ್ಲಿ ಬೆಕ್ಕಿನ ಹೆಜ್ಜೆ ಅಚ್ಚಾಗಿತ್ತು, ಗಾರೆ ಹಸಿಯಿದ್ದಾಗ ನಡೆದುಹೋದದ್ದು. ಹೇಳಲಿಲ್ಲ. ಆ ಹೆಜ್ಜೆ ಈಗ ಇಲ್ಲ.

ಮದಾಂ ಮಯಾರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು. ಡಬ್ ಎಂದಿತು. ಇನ್ನೊಂದು ಕಡೆ ತಟ್ಟಿದಳು. ಡಬ್. ಒಳಗೆ ಯಾರೂ ಇಲ್ಲದ ಮನೆಯ ಬಾಗಿಲು ಬಡಿದ ಹಾಗೆ. ಹೆಬ್ಬೆರಳಿನಿಂದ ಒತ್ತಿದ ಕಡೆ ಕಲ್ಲಿನ ಚರ್ಮ ಬಿರುಕುಬಿಟ್ಟು, ಹಿಟ್ಟು ಸುರಿಯಿತು. ಈಗ ಅವನು ನೋಡಲೇಬೇಕಾಯಿತು. ಕಲ್ಲುಗಳೆಲ್ಲ ಒಳಕ್ಕೆ ಸವೆದುಹೋಗಿ, ಸಂದಿನ ಸಿಮೆಂಟು ಮಾತ್ರ ಹೊರಚಾಚಿ, ಬೂದುಬಣ್ಣದ ಗಟ್ಟಿ ಬಲೆಯಂತೆ ನಿಂತಿತ್ತು. ಒಂದು ಎಳೆಯೂ ಕದಲಿರಲಿಲ್ಲ. ಎಂಥ ಕೆಲಸ ಎಂದು ಒಂದು ಕ್ಷಣ ಅನ್ನಿಸಿಯೇ ಬಿಟ್ಟಿತು ಅವನಿಗೆ. ಇಪ್ಪತ್ತೇಳು ವರ್ಷದ ತನ್ನ ಕೈ ಆ ಅಂಚುಗಳನ್ನು ಎಷ್ಟು ನೇರವಾಗಿ ಎಳೆದಿತ್ತು! ಹಾಗೆ ಅನ್ನಿಸಿದ್ದಕ್ಕೆ ಬಾಯಲ್ಲಿ ಕಹಿ ಬಂತು.

“ನೀರು ಸಂದಿನಲ್ಲಿ ಹೊರಗೆ ಬರೋಕಾಗದೆ ಕಲ್ಲಿನಲ್ಲೇ ಬಂದಿದೆ, ಜೊತೆಗೆ ಉಪ್ಪನ್ನೂ ತಂದಿದೆ, ಚಳಿಗಾಲದಲ್ಲಿ ಒಳಗೇ ಹೆಪ್ಪುಗಟ್ಟಿ ಒಡೆದಿದೆ,” ಎನ್ನುತ್ತ ಅವಳು ಮೂಲೆಯ ಆಸರೆಗೋಡೆಯ ಬಳಿ ಬಗ್ಗಿದಳು. “ಓಹೋ. ಸಹಿ ಬೇರೆ ಹಾಕಿದ್ದಾನೆ. ಆ. ಗೋದ್ರಿ, 1969. ಯಾರಪ್ಪಾ ಈ ಮಹಾನುಭಾವ? ಎಂಟುನೂರು ವರ್ಷದಲ್ಲಿ ಯಾವ ಸೈನ್ಯದ ಕೈಲೂ ಆಗದ್ದನ್ನ ಒಂದು ಬೇಸಿಗೆಯಲ್ಲಿ ಮುಗಿಸಿದ್ದಾನಲ್ಲ.”

ಪಿನೋ ಕೆಮ್ಮಿದ. ಯಾರಾದರೂ ಏನಾದರೂ ಹೇಳಬೇಕಿತ್ತು. ಹೇಳಿದ್ದು ಸೊಲಾಂಜ್.

“ನಮ್ಮಪ್ಪ,” ಎಂದಳು.

ಮದಾಂ ಮಯಾರ್‌ಳ ಕುತ್ತಿಗೆಯಿಂದ ಕೆಂಪು ಮೇಲಕ್ಕೇರಿತು. “ಅಯ್ಯೋ, ಕ್ಷಮಿಸಿ ಮೇಡಂ. ನಾನು ಹಾಗೆ ಅನ್ನಬಾರದಿತ್ತು. ಆ ಕಾಲದಲ್ಲಿ ಎಲ್ಲರೂ ಸಿಮೆಂಟನ್ನೇ ನಂಬಿದ್ದರು. ನಮ್ಮ ಇಲಾಖೆಯವರೇ ಹಾಕಿ ಅಂತಿದ್ದರು.”

“ಇರಲಿ ಬಿಡಿ,” ಎಂದಳು ಸೊಲಾಂಜ್. “ಗೋಡೆ ಎಲ್ಲರಿಗೂ ಕಾಣುತ್ತಲ್ಲ.”

ಅವಳ ದನಿಯಲ್ಲಿ ನೋವಿರಲಿಲ್ಲ. ಎಷ್ಟೋ ಹಿಂದೆ ತೀರ್ಮಾನವಾಗಿಹೋದ ಸಂಗತಿಯನ್ನು ಹೇಳುವ ದನಿ. ಇಲೇರ್ ಅವಳ ಬೂದು ಕೋಟಿನ ಬೆನ್ನನ್ನು ನೋಡಿದ. ಈಗ ಹೇಳಬೇಕು ಅಂದುಕೊಂಡ. ಅರವತ್ತೊಂಬತ್ತರಲ್ಲೂ ಒಂದು ದಿನ ಹೀಗೇ ಗೋಡೆಯ ಬುಡದಲ್ಲಿ ನಾಲ್ಕೈದು ಜನ ನಿಂತಿದ್ದರು. ಹಿಂದಿನ ಮೇಯರ್, ಆಗಿನ ಪಾದ್ರಿ, ಸಿಮೆಂಟು ಕಂಪನಿಯ ಕಡೆಯವನೊಬ್ಬ. ಶರತ್ಕಾಲಕ್ಕೆ ಬಿಷಪ್ಪರು ಬರುತ್ತಾರೆ, ಅಷ್ಟರಲ್ಲಿ ಆಗಬೇಕು ಎಂದರು. ಮುದುಕ ಆಗುವುದಿಲ್ಲ ಎಂದ. ಸುಣ್ಣ ಒಂದು ಚಳಿಗಾಲವಾದರೂ ಗುಂಡಿಯಲ್ಲಿ ನೆನೆಯಬೇಕು, ಹಚ್ಚಿದ ಮೇಲೆ ನಿಧಾನವಾಗಿ ಒಣಗಬೇಕು, ಮುಂದಿನ ವಸಂತಕ್ಕೆ ಶುರು ಮಾಡಿದರೆ ಅದರ ಮುಂದಿನ ಬೇಸಿಗೆಗೆ ಮುಗಿಸಿಕೊಡುತ್ತೇನೆ. ಆಗ ಇಲೇರ್ ನಕ್ಕಿದ್ದ. ಯಾಕೆ ನಕ್ಕ ಎಂದು ಯೋಚಿಸಿ ಯೋಚಿಸಿ ಈಗ ಆ ನಗುವಿಗೆ ಅರ್ಥವೇ ಉಳಿದಿಲ್ಲ. ಮದುವೆಯಾಗಿ ಒಂದು ವರ್ಷವಾಗಿತ್ತು, ಊರಲ್ಲೆಲ್ಲ ಅವನನ್ನು ಗೋದ್ರಿಯ ಹುಡುಗ ಎನ್ನುತ್ತಿದ್ದರು, ಅಷ್ಟೇ ಇರಬೇಕು. ‘ನಮ್ಮ ಮಾವನ್ನ ಬಿಟ್ಟರೆ ಸುಣ್ಣದ ಗುಂಡಿಯಲ್ಲೇ ಹೂತುಕೋತಾರೆ,’ ಎಂದಿದ್ದ. ‘ಸಿಮೆಂಟು ಕೊಡಿ, ಎಂಟು ವಾರದಲ್ಲಿ ನಾನು ಮುಗಿಸ್ತೀನಿ. ನನ್ನ ಮೊಮ್ಮಕ್ಕಳು ಬಂದು ಉಗುರಲ್ಲಿ ಕೆರೆದರೂ ಒಂದು ಕಣ ಉದುರಲ್ಲ.’ ಎಲ್ಲರೂ ನಕ್ಕರು. ಪಾದ್ರಿಯೂ ನಕ್ಕ. ಮುದುಕ ತಲೆಯ ಮೇಲಿನ ಟೋಪಿ ತೆಗೆದ, ಒಳಗೆ ಏನೋ ಇದೆಯೆಂಬಂತೆ ನೋಡಿದ, ಮತ್ತೆ ಹಾಕಿಕೊಂಡ. ‘ಹಾಗಾದರೆ ನೀನೇ ಮಾಡು,’ ಎಂದ. ಸಿಟ್ಟಿರಲಿಲ್ಲ. ಆ ಬೇಸಿಗೆಯಿಡೀ ಅವನು ಒಬ್ಬನೇ ದಕ್ಷಿಣದ ಮೆಟ್ಟಿಲ ಕೆಲಸ ಮಾಡಿದ, ಸುಣ್ಣದಲ್ಲಿ. ಆ ಮೆಟ್ಟಿಲು ಇವತ್ತಿಗೂ ಹಾಗೇ ಇದೆ.

ಕೊನೆಯ ದಿನ ಸಾರವೆಯಿಂದ ಇಳಿದು, ಹಸಿ ಸಿಮೆಂಟಿನ ಮುಂದೆ ಮೊಳೆ ಹಿಡಿದು ಇಲೇರ್ ಕೂತಿದ್ದ. ಕೆಲಸ ಮುಗಿದಾಗ ಮೇಸ್ತ್ರಿಯ ಹೆಸರು ಬರೆಯುವುದು ಪದ್ಧತಿ. ಬರೆಯಬೇಕಾದ್ದು ತನ್ನ ಹೆಸರು. ಅದಕ್ಕೆಂದೇ ತಾನೆ ಅಷ್ಟೆಲ್ಲ ಆದದ್ದು. ಆಗ ಸೊಲಾಂಜ್ ಊಟದ ಡಬ್ಬಿ ಹಿಡಿದುಕೊಂಡು ಬಂದು ಹಿಂದೆ ನಿಂತಳು. ‘ಅಪ್ಪನ ಹೆಸರು ಬರೀತಿದ್ದೀಯಾ?’ ಎಂದಳು. ಮುಖ ತುಂಬ ಅರಳಿತ್ತು; ಕೆಲಸ ಅಪ್ಪನದು, ಗಂಡ ಅವನ ಮಾತಿನಂತೆ ಮಾಡುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು. ಕೈ ತಾನಾಗಿ ಮಾವನ ಹೆಸರನ್ನು ಗೀಚಿತು. ಅವಳನ್ನು ಸಂತೋಷಪಡಿಸಲೆಂದು ಬರೆದೆ ಎಂದು ಬಹುಕಾಲ ನಂಬಿದ್ದ. ಆಮೇಲೆ, ಮುದುಕನಿಗೆ ಮರ್ಯಾದೆ ಹಿಂದಿರುಗಿಸಲೆಂದು ಎಂದು. ಕಲ್ಲು ಉದುರಲು ಶುರುವಾದ ವರ್ಷದಿಂದ ಮಾತ್ರ ಇನ್ನೊಂದು ಯೋಚನೆ ಬಂದು ಎದುರಿಗೆ ಕೂರುತ್ತಿತ್ತು: ಎಲ್ಲೋ ಒಳಗೆ, ಕೈಗೆ ಮೊದಲೇ ಗೊತ್ತಿತ್ತೇ?

ಒಳಗೆ ಹೋದರು. ತಣ್ಣಗಿನ ಮೇಣದ ವಾಸನೆ, ಅದರ ಕೆಳಗೆ ಬೂಷ್ಟಿನ ವಾಸನೆ. ಉತ್ತರದ ಬದಿಯಲ್ಲಿ ಕನ್ಯಾಮರಿಯಳ ಹಿಂದೆ ಗೋಡೆ ಕಪ್ಪಾಗಿತ್ತು. ಸೊಲಾಂಜ್ ಅದನ್ನು ಮರೆಮಾಡಲೆಂದೇ ಅಲ್ಲಿ ಎತ್ತರದ ಹೂದಾನಿ ಇಡುತ್ತಿದ್ದಳು. ಪಿನೋ ತನ್ನ ಯೋಜನೆ ಹೇಳತೊಡಗಿದ. ದುರಸ್ತಿಯಾದ ಮೇಲೆ ಬಾಗಿಲ ಬಳಿ ಒಂದು ಫಲಕ, ಚರ್ಚಿನ ಚರಿತ್ರೆಯೆಲ್ಲ, ಯಾವ ಭಾಗ ಯಾವಾಗ ಕಟ್ಟಿದ್ದು, ಬೇಸಿಗೆಯಲ್ಲಿ ಸೈಕಲ್ಲಿನ ಮೇಲೆ ಬರುವ ಜನ ನಿಂತು ಓದುವಂತೆ.

“ಮಾಡಿ,” ಎಂದಳು ಮದಾಂ ಮಯಾರ್. “1969ರ ಕೆಲಸವೂ ಅದರಲ್ಲಿ ಬರಬೇಕು. ಮುಚ್ಚಿಡೋದು ಒಳ್ಳೇದಲ್ಲ, ಜನ ಮತ್ತೆ ಅದೇ ತಪ್ಪು ಮಾಡ್ತಾರೆ.” ಆಮೇಲೆ ಸೊಲಾಂಜಳ ಕಡೆ ತಿರುಗಿ, “ಹೆಸರು ಹಾಕೋದು ಬಿಡೋದು ನಿಮಗೆ ಬಿಟ್ಟದ್ದು ಮೇಡಂ,” ಎಂದಳು.

“ಗೋಡೆ ಮೇಲೆ ಇರೋದನ್ನ ಫಲಕದ ಮೇಲೆ ಹಾಕೋಕೆ ನನ್ನನ್ನೇನು ಕೇಳ್ತೀರಿ?”

“ಅದು ನಾನು ಮಾಡಿದ್ದು,” ಎಂದ ಇಲೇರ್.

ಅವನ ದನಿ ಕಮಾನಿನ ಕೆಳಗೆ ತುಸು ದೊಡ್ಡದಾಗಿಯೇ ಕೇಳಿಸಿತು. ಎಲ್ಲರೂ ತಿರುಗಿದರು. “ಸಿಮೆಂಟು. ನಾನು ಮಾಡಿದ್ದು. ಮಾವ ಅಲ್ಲ.”

ಮದಾಂ ಮಯಾರ್ ಅವನನ್ನು ತುಂಬ ಮೃದುವಾಗಿ ನೋಡಿದಳು. ಆ ನೋಟ ಕಂಡ ಕೂಡಲೇ ಕೆಲಸ ಕೆಟ್ಟಿತು ಎಂದು ಅವನಿಗೆ ಗೊತ್ತಾಯಿತು. “ನೀವೂ ಕೆಲಸ ಮಾಡಿರ್ತೀರಿ, ನನಗೆ ಗೊತ್ತಾಗುತ್ತೆ. ಆಗ ನೀವಿನ್ನೂ ಚಿಕ್ಕವರು. ಮೇಸ್ತ್ರಿ ಹೇಳಿದ್ದನ್ನ ಮಾಡಿದ್ದೀರಿ. ಅದನ್ನ ಮೈಮೇಲೆ ಎಳ್ಕೋಬೇಡಿ.”

ಪಿನೋ ಅವನ ಭುಜದ ಮೇಲೆ ಕೈ ಹಾಕಿದ. “ನೋಡಿದ್ರಾ ಮೇಡಂ? ಅಳಿಯ ಅಂದ್ರೆ ಹೀಗಿರಬೇಕು. ನನಗೂ ಒಬ್ಬ ಇದಾನೆ, ನನ್ನ ಕಾರಿಗೆ ಗುದ್ದಿದ್ದನ್ನೇ ಇನ್ನೂ ಒಪ್ಪಿಕೊಂಡಿಲ್ಲ.”

ನಕ್ಕರು. ಇಲೇರ್ ಕೂಡ ಸ್ವಲ್ಪ ನಕ್ಕ. ಹೇಳಿದ್ದಾಯಿತು, ಅವರು ನಂಬದಿದ್ದರೆ ತಾನೇನು ಮಾಡಲಿ, ಎಂದು ಒಳಗೆಲ್ಲೋ ಒಂದು ಭಾರ ಇಳಿದು ಮೈ ಹಗುರಾಯಿತು. ಬಾಗಿಲು ದಾಟಿ ಹೊರಗೆ ಬಂದು ಗಾಳಿ ಮುಖಕ್ಕೆ ತಾಗಿದಾಗ ಆ ಹಗುರವೇ ಅಸಹ್ಯವೆನ್ನಿಸಿತು. ನಲವತ್ತನಾಲ್ಕು ವರ್ಷಕ್ಕೆ ಬಾಯಿ ಬಿಟ್ಟು, ಅದರಿಂದಲೂ ಒಂದು ಹೊಗಳಿಕೆ ಗಿಟ್ಟಿಸಿಕೊಂಡು ಬಂದಿದ್ದ. ಮದಾಂ ಮಯಾರ್ ನಾಲ್ಕರವರೆಗೆ ಅಳತೆ ತೆಗೆಯುತ್ತಿರುತ್ತೇನೆ, ಬೀಗ ಹಾಕಲು ಆಗ ಬಂದರೆ ಸಾಕು ಎಂದಳು.

ಮನೆಯಲ್ಲಿ ಸೊಲಾಂಜ್ ಸಾರು ಬಿಸಿಗಿಟ್ಟಳು, ಬ್ರೆಡ್ಡು ಕೊಯ್ದಳು, ಆಡಿನ ಹಾಲಿನ ಗಿಣ್ಣನ್ನು ಕಾಗದದಿಂದ ಬಿಡಿಸಿಟ್ಟಳು. ಇಬ್ಬರೂ ಕೂತರು. ಅವಳು ಎರಡು ಚಮಚ ಕುಡಿದು ನಿಲ್ಲಿಸಿದಳು.

“ಅಲ್ಲಿ ಹಾಗೆ ಯಾಕಂದೆ? ನನ್ನ ಮೇಲೆ ಕನಿಕರ ಬಂತಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅವಳೇ ಬಾಗಿಲು ತೆರೆದು ಹಿಡಿದಿದ್ದಳು. ಇಲೇರ್ ಬ್ರೆಡ್ಡಿನ ಮೆತ್ತನೆಯ ಭಾಗವನ್ನು ಬೆರಳಲ್ಲಿ ಉಂಡೆ ಮಾಡುತ್ತ ಕೂತ. ಆಯಾಸವಾಗಿತ್ತು. ಧೈರ್ಯವೆನ್ನುವುದೇನೂ ಇರಲಿಲ್ಲ ಅದರಲ್ಲಿ. ಇನ್ನೊಂದು ಸುಳ್ಳನ್ನು ಎತ್ತಿ ಅದರ ಜಾಗದಲ್ಲಿ ಇಡುವಷ್ಟು ಶಕ್ತಿ ತೋಳಿನಲ್ಲಿ ಉಳಿದಿರಲಿಲ್ಲ, ಅಷ್ಟೇ.

“ಇಲ್ಲ,” ಎಂದ. “ನಿಜ ಅದು. ನಿಮ್ಮಪ್ಪ ಬೇಡ ಅಂದ್ರು. ಎಲ್ಲರ ಎದುರಿಗೆ ಬೇಡ ಅಂದ್ರು. ನಾನು ಅವರನ್ನ ನಗೆಪಾಟಲು ಮಾಡಿ ಕೆಲಸ ತಗೊಂಡೆ. ಒಂದು ಕರಣೆ ಸಿಮೆಂಟನ್ನೂ ಅವರು ಮುಟ್ಟಲಿಲ್ಲ.”

“ಹೆಸರು?”

“ನೀನು ಹಿಂದೆ ನಿಂತಿದ್ದೆಯಲ್ಲ. ನೀನು ಕೇಳಿದೆ. ಬರೆದೆ.”

ಸಾರಿನ ಮೇಲೆ ಕೆನೆ ಕಟ್ಟಿತು. ಬೈಯುತ್ತಾಳೆ ಎಂದು ಅವನು ಕಾದ. ಬೈದರೆ ತಲೆ ತಗ್ಗಿಸಬಹುದು. ಅವಳು ಮಾತಾಡತೊಡಗಿದಾಗ ಅವನ ಕಡೆ ನೋಡುತ್ತಿರಲಿಲ್ಲ, ಕಿಟಕಿಯ ಕಡೆಯೂ ನೋಡುತ್ತಿರಲಿಲ್ಲ.

“ಎಪ್ಪತ್ತೆಂಟರಲ್ಲಿ ನಮ್ಮ ತಂಗಿ ಮಗಳ ಮೊದಲ ಪರಮಪ್ರಸಾದದ ದಿನ. ಮಗು ಬಿಳಿ ಅಂಗಿ ಹಾಕ್ಕೊಂಡು ಚರ್ಚಿನೊಳಗೆ ಆ ಗೋಡೆಗೆ ಒರಗಿ ನಿಂತಿತ್ತು. ಬೂಷ್ಟು ಹತ್ತಿ ಬೆನ್ನೆಲ್ಲ ಕಪ್ಪಾಯ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗೋದ್ರಿ ಗೋಡೆ ಅಂದ್ರು. ನಾನು ಅಲ್ಲಿಂದ ನೆಟ್ಟಗೆ ಅಪ್ಪನ ಮನೆಗೆ ಹೋದೆ. ಅವನು ಮರಸೇಬಿನ ಸಿಪ್ಪೆ ತೆಗೀತಿದ್ದ. ನಿನ್ನ ಹಾಳು ಕೆಲಸದಿಂದ ನಾನು ಊರಲ್ಲಿ ತಲೆ ಎತ್ತೋ ಹಾಗಿಲ್ಲ ಅಂದೆ. ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಿದೆ ಅಂದೆ. ಇನ್ನೂ ಏನೇನೋ ಅಂದೆ.”

“ಏನಂದ್ರು ಅವರು?”

“ಇಲೇರ್‌ಗೆ ಈ ತಿಂಗಳು ಕೆಲಸ ಇದೆಯಾ ಅಂತ ಕೇಳಿದ.”

ಇಲೇರ್ ಕಣ್ಣು ಮುಚ್ಚಿದ.

“ಇದೆ ಅಂದೆ. ಒಳ್ಳೇದು ಅಂದ. ಹಣ್ಣು ಕೊಯ್ದು ಒಂದು ಹೋಳು ಕೊಟ್ಟ. ನಾನು ತಗೊಳ್ಲಿಲ್ಲ.” ಅವಳು ಚಮಚವನ್ನು ಬಟ್ಟಲ ಪಕ್ಕದಲ್ಲಿ ನೇರ ಮಾಡಿ ಇಟ್ಟಳು. “ಎರಡು ವರ್ಷ ಆ ಮನೆ ಮೆಟ್ಟಿಲು ಹತ್ತಲಿಲ್ಲ. ಕಾಯಿಲೆ ಬಿದ್ದ ಮೇಲೆ ಹೋದೆ. ಮೈ ತೊಳೆದೆ, ಬಟ್ಟೆ ಬದಲಾಯಿಸಿದೆ. ಅವನು ಸಾಯೋವರೆಗೂ ಮಾತಾಡಲಿಲ್ಲ.”

ಆ ಎರಡು ವರ್ಷ ಅವನಿಗೆ ಚೆನ್ನಾಗಿ ನೆನಪಿತ್ತು. ಭಾನುವಾರ ಅಪ್ಪನ ಮನೆಗೆ ಹೋಗುವುದನ್ನು ಅವಳು ಬಿಟ್ಟಳು. ಯಾಕೆ ಎಂದು ಅವನು ಕೇಳಲಿಲ್ಲ. ತಾಯಿಯ ಬೀರುವಿನ ವಿಷಯಕ್ಕೆ ಅಕ್ಕತಂಗಿಯರಲ್ಲಿ ಏನೋ ಮನಸ್ತಾಪವಿತ್ತು, ಅದೇ ಇರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಅನುಕೂಲವಾಗಿತ್ತು. ಭಾನುವಾರಗಳು ಸಲೀಸಾಗಿದ್ದವು, ಮುದುಕನ ಎದುರು ಕೂತು ತಟ್ಟೆಯನ್ನೇ ನೋಡುತ್ತ ಉಣ್ಣಬೇಕಾದ ಕಷ್ಟ ತಪ್ಪಿತ್ತು. ಇದೇ ಮೇಜಿನಲ್ಲಿ ಕೂತು, ಹುರಿದ ಕೋಳಿ ತಿನ್ನುತ್ತ, ಮನೆಯಲ್ಲೇ ಇರುವುದು ಎಷ್ಟು ಹಾಯಾಗಿದೆ ಎಂದು ಒಂದು ಸಲ ಹೇಳಿಯೂ ಇದ್ದ. ಅವಳು ಎದ್ದು ಒಳಗೆ ಹೋಗಿದ್ದಳು.

ಈಗಲೂ ಎದ್ದಳು. ತನ್ನ ಬಟ್ಟಲನ್ನು ಮಾತ್ರ ತೊಳೆದಳು, ಒರೆಸಿದಳು, ಕಪಾಟಿನಲ್ಲಿಟ್ಟಳು. ಕೋಟು ಹಾಕಿಕೊಂಡಳು.

“ಇನ್ನೂ ಒಂದೂವರೆ,” ಎಂದ ಅವನು. “ನಾಲ್ಕು ಗಂಟೆಗೆ ಬಾ ಅಂದಿದಾಳೆ.”

“ನೀನು ಹೇಳೋದು ಮುಗಿದಿಲ್ಲ.”

“ಹೇಳಿದೆನಲ್ಲ. ಅವರು ನಂಬಲಿಲ್ಲ.”

“ನಂಬೋ ಹಾಗೆ ಹೇಳು. ಅವತ್ತು ಎಲ್ಲರ ಎದುರಿಗೆ ನಿಂತು ನಂಬಿಸಿದೆಯಲ್ಲ, ಹಾಗೆ.”

ಅವನು ಹಿಂದೆ ನಡೆದ. ಅವಳು ಬೇಗ ನಡೆಯುತ್ತಿದ್ದಳು, ಅವನು ಬೇಗ ನಡೆಯಲಾರ. ಅಂಚೆ ಕಚೇರಿಯ ಮೂಲೆಯಲ್ಲಿ ಕುತ್ತಿಗೆ ಎಡಕ್ಕೆ ಹೊರಳಿತು, ಔಷಧಿ ಅಂಗಡಿಯ ಗಾಜಿನಲ್ಲಿ ಒಬ್ಬ ಮುದುಕ ಕಂಡ, ಕೋಟಿನ ಗುಂಡಿ ಒಂದು ಮನೆ ತಪ್ಪಿತ್ತು. ಅದನ್ನು ಸರಿಮಾಡಿಕೊಳ್ಳಲೂ ನಿಲ್ಲಲಿಲ್ಲ.

ಮದಾಂ ಮಯಾರ್ ಏಣಿಯ ಮೇಲಿದ್ದಳು. ಇಬ್ಬರನ್ನೂ ಕಂಡು ಕೆಳಗಿಳಿದಳು. ಈ ಸಲ ಪಿನೋ ಇರಲಿಲ್ಲ, ನಗಿಸುವವರಿರಲಿಲ್ಲ. ಇಲೇರ್ ಹೇಳಿದ. ಮೊದಲು ಮಾತು ತಡವರಿಸಿತು, ಆಮೇಲೆ ಕೆಲಸದ ವಿಷಯಕ್ಕೆ ಬಂದಾಗ ತಾನಾಗಿ ನೇರವಾಯಿತು: ಒಂದಕ್ಕೆ ಮೂರು ಮರಳು, ನದಿಯ ಸಣ್ಣ ಮರಳು, ಹಳೆಯ ಗಾರೆಯನ್ನು ಎರಡು ಬೆರಳು ಆಳಕ್ಕೆ ಕೆತ್ತಿ ತೆಗೆದದ್ದು, ಹಾಗೆ ಕೆತ್ತುವಾಗ ಕಲ್ಲಿನ ಅಂಚುಗಳು ಒಡೆದದ್ದು, ಒಡೆದ ಕಡೆ ಸಿಮೆಂಟನ್ನೇ ಮೆತ್ತಿ ಸಮ ಮಾಡಿದ್ದು, ಪೂರ್ವದ ಮೂಲೆಯಿಂದ ಶುರು ಮಾಡಿ ಎಂಟು ವಾರ, ಸಹಾಯಕ್ಕೆ ಇಬ್ಬರು, ಇಬ್ಬರೂ ಈಗಿಲ್ಲ. ಗೋದ್ರಿ ಮೇಸ್ತ್ರಿ ಯಾವ ಮಾತು ಹೇಳಿ ಬೇಡ ಅಂದಿದ್ದರೋ ಅದನ್ನೂ ಹೇಳಿದ. ತಾನು ಏನೆಂದು ನಗಿಸಿದ್ದೆ ಎನ್ನುವುದನ್ನೂ. ಅದನ್ನು ಹೇಳುವಾಗ ಸೊಲಾಂಜಳ ಮುಖ ನೋಡಲಿಲ್ಲ.

ಮದಾಂ ಮಯಾರ್‌ಳ ಮೃದುತನ ಹೊರಟುಹೋಗಿತ್ತು. ಪುಸ್ತಕ ತೆರೆದು ಬರೆದುಕೊಳ್ಳುತ್ತಿದ್ದಳು, ನಡುನಡುವೆ ಪ್ರಶ್ನೆ ಕೇಳುತ್ತಿದ್ದಳು: ಸೂರಿನ ಮುಖಗಳ ಹಿಂದೆಯೂ ಸಿಮೆಂಟೇ? ಹೌದು. ಇಪ್ಪತ್ತೊಂದಕ್ಕೂ? ಇಪ್ಪತ್ತೊಂದಕ್ಕೂ. ಅವಳು ಪೆನ್ಸಿಲ್ ಎತ್ತಿ ಒಂದು ಸಲ ಸಾಲಾಗಿ ಮೇಲೆ ನೋಡಿದಳು, ನಗುವವನು, ಹಂದಿ, ಮೂಗಿಲ್ಲದ ರಾಣಿ, ಖಾಲಿ ಜಾಗ. “ಹಾಗಾದರೆ ಎಲ್ಲವನ್ನೂ ಇಳಿಸಬೇಕು,” ಎಂದಳು ತನಗೇ ಎಂಬಂತೆ. “ಎಷ್ಟು ಉಳಿಯುತ್ತೋ.”

“ಆ ಹೆಸರನ್ನ ನಾನು ಕೆತ್ತಿ ತೆಗೀಲಾ?” ಎಂದು ಕೇಳಿದ ಇಲೇರ್. “ಉಳಿ ತರ್ತೀನಿ. ಹತ್ತು ನಿಮಿಷದ ಕೆಲಸ.”

“ಇಲ್ಲ. ಈಗ ಯಾರೂ ಏನೂ ಮುಟ್ಟೋ ಹಾಗಿಲ್ಲ. ಸಿಮೆಂಟೆಲ್ಲ ತೆಗೆಸುವಾಗ ಅದೂ ಹೋಗುತ್ತೆ.”

“ಯಾವಾಗ?”

“ಎರಡು ವರ್ಷ ಆಗಬಹುದು, ಮೂರು ಆಗಬಹುದು. ನಿಮಗಿಂತ ಒಳ್ಳೆ ಕೈ ಬೇಕು,” ಎಂದವಳು, ತಪ್ಪಿ ಆಡಿದೆನೆಂಬಂತೆ ತಡೆದು, “ಅಂದರೆ, ಚಿಕ್ಕ ವಯಸ್ಸಿನವರು ಬೇಕು,” ಎಂದಳು.

ಅವನು ಸರಿ ಎಂದ. ಹೇಳಿ ಮುಗಿಸಿದರೆ ಏನೋ ಆಗುತ್ತದೆ ಎಂದು ಇಷ್ಟು ವರ್ಷ ಅಂದುಕೊಂಡದ್ದು ಆಗಲಿಲ್ಲ. ಕಾಲು ನೋಯುತ್ತಿತ್ತು. ಎಲ್ಲಾದರೂ ಕೂರಬೇಕೆನ್ನಿಸಿತು, ಕೂರುವಂಥದ್ದೇನೂ ಅಲ್ಲಿರಲಿಲ್ಲ.

“ವರದಿಗೆ ನಿಮ್ಮ ಪೂರ್ತಿ ಹೆಸರು ಬೇಕು.”

ಅವನು ಬಾಯಿ ತೆರೆಯುವುದರೊಳಗೆ ಸೊಲಾಂಜ್ ಹೇಳಿದಳು. “ತೆಸಿಯೆ, ಇಲೇರ್ ಮರಿ ತೆಸಿಯೆ. ಇದೇ ಊರು.” ಮರಿ ಎನ್ನುವುದು ಅವನ ತಾಯಿ ಇಟ್ಟ ನಡುವಿನ ಹೆಸರು, ಯಾರೂ ಕರೆಯದ ಹೆಸರು, ಮದುವೆಯ ದಿನ ಪಾದ್ರಿ ಓದಿದ ಮೇಲೆ ಅವಳ ಬಾಯಲ್ಲಿ ಅದನ್ನು ಅವನು ಕೇಳಿರಲಿಲ್ಲ.

ಮದಾಂ ಮಯಾರ್ ಬರೆದುಕೊಂಡಳು. ಬರೆದು, ಸ್ವಲ್ಪ ಅನುಮಾನಿಸಿ, “ಗೋದ್ರಿ ಅವರ ಅಳಿಯ ಅಂತ ಸೇರಿಸಲಾ? ಅವರ ಹೆಸರು ಗೋಡೆ ಮೇಲೆ ಯಾಕಿತ್ತು ಅನ್ನೋದು ಓದುವವರಿಗೆ ತಿಳಿಯುತ್ತೆ,” ಎಂದು ಕೇಳಿದಳು.

“ಬೇಡ,” ಎಂದಳು ಸೊಲಾಂಜ್. “ಅವರನ್ನ ಇದರಲ್ಲಿ ತರಬೇಡಿ. ಸಾಕು.”

ಅಪ್ಪನನ್ನು ಅವಳು ಯಾವತ್ತೂ ಅವನು ಎಂದೇ ಹೇಳುತ್ತಿದ್ದದ್ದು.

ಏಣಿ ಮತ್ತೆ ಗೋಡೆಗೆ ಒರಗಿತು. ಮರದ ಸುತ್ತಿಗೆ ಡಬ್ ಡಬ್ ಎನ್ನತೊಡಗಿತು, ಒಂದೊಂದು ಕಲ್ಲನ್ನೇ ಕೇಳಿಕೊಂಡು ಮೂಲೆಯ ಕಡೆಗೆ ಹೊರಟಿತು. ನಾಲ್ಕು ಹೊಡೆಯಲು ಇನ್ನೂ ಎರಡು ಗಂಟೆಯಿತ್ತು. ಸೊಲಾಂಜ್ ಬಾಗಿಲ ಹತ್ತಿರ ಹೋಗಿ, ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಇಲೇರ್‌ಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮುಂದಾಗಿ ಮನೆಗೆ ಹೋದರೆ ಓಡಿಹೋದ ಹಾಗಾಗುತ್ತದೆ. ಇಲ್ಲಿ ನಿಂತರೆ ಕ್ಷಮೆಗೆ ಕೈಯೊಡ್ಡಿದ ಹಾಗಾಗುತ್ತದೆ. ಅವಳು ಅವನ ಕಡೆ ನೋಡಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಅವನು ಅವಳಿಂದ ಹತ್ತು ಹೆಜ್ಜೆ ದೂರದ ಬಿಸಿಲಿನಲ್ಲಿ ನಿಂತ.